ಮಿಕ್ಕ ಉಲ್ಲನ್ನಿನಲ್ಲಿ ಎರಡು ಪದರದ ಸ್ಲಿಪ್ಪರ್: ನನ್ನ ಅನುಭವ

ಚಿಕ್ಕಮಗಳೂರಿನ ಮಳೆಗಾಲಕ್ಕೂ ಚಳಿಗಾಲಕ್ಕೂ ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲಿಡುವುದು ಕಷ್ಟ. ಸ್ವೆಟರ್ ಹೆಣೆದು ಮಿಕ್ಕ ಉಲ್ಲನ್ನಿನಿಂದ ಹೆಣಿಗೆ ಮಷಿನ್ನಿನಲ್ಲಿ ಸ್ಲಿಪ್ಪರ್ ಹೆಣೆಯುವಾಗ ನಾನು ಯಾವಾಗಲೂ ಎರಡು ಪದರ ಮಾಡುತ್ತೇನೆ. ಒಂದೇ ಪದರದ್ದು ಹಿಮ್ಮಡಿಯಲ್ಲಿ ಬೇಗ ಸವೆದು ತೂತಾಗುತ್ತದೆ. ಬಣ್ಣ ಹೊಂದದ ಚೂರುಪಾರು ದಾರವನ್ನೆಲ್ಲ ಒಳಪದರಕ್ಕೆ ಹಾಕಬಹುದು, ದಾರದ ತುದಿಗಳೂ ಎರಡು ಪದರಗಳ ನಡುವೆ ಅಡಗಿಹೋಗುತ್ತವೆ.

ಕೆಲಸ ಕೂಡುವುದೂ ಕೆಡುವುದೂ ದಾರ ಆರಿಸುವಾಗಲೇ. ಮೊದಲು ಪ್ರತಿ ಉಂಡೆಯಿಂದ ಒಂದು ಎಳೆ ಸುಟ್ಟು ನೋಡಿ. ಉಣ್ಣೆಯಾದರೆ ಸುಟ್ಟ ಕೂದಲಿನ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಇವೆರಡನ್ನೂ ಒಂದೇ ಜೊತೆಯಲ್ಲಿ ಬೆರೆಸಬೇಡಿ. ಬಿಸಿನೀರಿನಲ್ಲಿ ತಿಕ್ಕಿ ಒಗೆದರೆ ಉಣ್ಣೆ ಕುಗ್ಗುತ್ತದೆ, ಅಕ್ರಿಲಿಕ್ ಕುಗ್ಗುವುದಿಲ್ಲ, ಸ್ಲಿಪ್ಪರ್ ಸೊಟ್ಟಗಾಗುತ್ತದೆ. ದಪ್ಪ ಹೊಂದುತ್ತದೆಯೇ ಎಂದು ತಿಳಿಯಲು ಸ್ಕೇಲಿನ ಮೇಲೆ ಒಂದು ಇಂಚಿನಷ್ಟು ಜಾಗದಲ್ಲಿ ದಾರವನ್ನು ಎಳೆಯದೆ, ಒತ್ತೊತ್ತಾಗಿ ಸುತ್ತಿ ಎಣಿಸಿ. ಒಂದು ಸುತ್ತಿನ ವ್ಯತ್ಯಾಸ ನಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ಬೇಡ. ಕೈಯಲ್ಲಿ ಸುತ್ತಿದ ಉಂಡೆಯನ್ನು ಹಾಗೇ ಮಷಿನ್ನಿಗೆ ಕೊಟ್ಟರೆ ದಾರ ಜಗ್ಗಿ ಜಗ್ಗಿ ಬಂದು ಅಂಚಿನ ಕುಣಿಕೆ ಬಿಗಿಯಾಗುತ್ತದೆ, ಕೊನೆಗೆ ಸೂಜಿಯಿಂದ ಜಾರುತ್ತದೆ. ಎಲ್ಲವನ್ನೂ ಬಿಳಿ ಮೇಣದ ಬತ್ತಿಗೆ ತಾಗಿಸುತ್ತ ಸಡಿಲವಾಗಿ ಮತ್ತೆ ಸುತ್ತಿಕೊಳ್ಳಿ.

ಈ ಲೆಕ್ಕ ಸೂಜಿಗಳ ನಡುವೆ 4.5 ಮಿ.ಮೀ. ಅಂತರವಿರುವ, 200 ಸೂಜಿಯ ಮಷಿನ್ನಿಗೆ, ನಾಲ್ಕೆಳೆ ದಾರಕ್ಕೆ. ಒಂದು ಜೊತೆಗೆ 80ರಿಂದ 90 ಗ್ರಾಂ ಇಟ್ಟುಕೊಳ್ಳಿ. ಕುಣಿಕೆಯ ಬಿಗಿ ಹೊಂದಿಸುವ ಟೆನ್ಷನ್ ಡಯಲನ್ನು ಸ್ವೆಟರ್‌ಗೆ ಇಡುವುದಕ್ಕಿಂತ ಒಂದು ಅಂಕಿ ಇಳಿಸಿ, ಬಟ್ಟೆ ಒತ್ತಾಗಿ ಬರಬೇಕು. 40 ಸೂಜಿ, 60 ಸಾಲಿನ ಮಾದರಿ ಹೆಣೆದು, ಒಂದು ರಾತ್ರಿ ಬಿಟ್ಟು ಅಳೆಯಿರಿ. ಮಷಿನ್ನಿನಿಂದ ಇಳಿದ ಕೂಡಲೇ ಅಳೆದರೆ ತೂಕಕ್ಕೆ ಜಗ್ಗಿದ ಉದ್ದವೇ ಸಿಗುತ್ತದೆ. 10 ಸೆಂ.ಮೀ.ಗೆ 30 ಕುಣಿಕೆ, 44 ಸಾಲು ಬಂದರೆ, 24 ಸೆಂ.ಮೀ. ಪಾದಕ್ಕೆ ಅಗಲದಲ್ಲಿ 60 ಸೂಜಿ ಸಾಕು: ಮಷಿನ್ನಿನ ನಡುವೆ ಗುರುತಿಸಿರುವ ಸೊನ್ನೆಯ ಎಡಕ್ಕೆ 30, ಬಲಕ್ಕೆ 30. ಬಟ್ಟೆಯ ಉದ್ದ ಪಾದಕ್ಕಿಂತ 2 ಸೆಂ.ಮೀ. ಕಡಿಮೆ ಇರಲಿ. ಹೆಣಿಗೆ ಹಿಗ್ಗುತ್ತದೆ.

ಎರಡೂ ಪದರವನ್ನು ಒಂದೇ ಉದ್ದ ಪಟ್ಟಿಯಾಗಿ ಹೆಣೆದು ಹಿಮ್ಮಡಿಯಲ್ಲಿ ಮಡಚುತ್ತೇವೆ. ಬೇರೆ ಬಣ್ಣದ ವೇಸ್ಟ್ ದಾರದಲ್ಲಿ (ಕೊನೆಗೆ ತೆಗೆದುಬಿಡುವಂಥದ್ದು) ಎಂಟು ಸಾಲು ಹೆಣೆದು, ಒಂದು ಸಾಲು ನುಣುಪು ನೈಲಾನ್ ದಾರ ಹಾಕಿ, ಆಮೇಲೆ ಒಳಪದರ ಶುರು ಮಾಡಿ. ಬೆರಳ ತುದಿಯಿಂದ ಹಿಮ್ಮಡಿಗೆ 92 ಸಾಲು. ಅಲ್ಲಿ ಎರಡೂ ಅಂಚಿಗೆ ಗುರುತಿನ ದಾರ ಕಟ್ಟಿ, ಡಯಲನ್ನು ಅರ್ಧ ಅಂಕಿ ಏರಿಸಿ, ಹೊರಪದರ 96 ಸಾಲು ಹೆಣೆಯಿರಿ. ಒಳಗಿನದು ತುಸು ಚಿಕ್ಕದಾಗದಿದ್ದರೆ ಪಾದದಡಿ ಸುಕ್ಕುಗಟ್ಟುತ್ತದೆ. ಮಡಿಕೆಗೆಂದು ಒಂದು ಸಾಲು ಸಡಿಲ ಹೆಣೆಯುವ ರೂಢಿಯಿದೆ. ಇಲ್ಲಿ ಅದು ಬೇಡ, ಹಿಮ್ಮಡಿ ಮೊದಲು ಸವೆಯುವುದೇ ಆ ಸಾಲಿನಲ್ಲಿ. ಬಣ್ಣ ಬದಲಿಸುವುದು ಅಂಚಿನಲ್ಲೇ, ಸಮಸಂಖ್ಯೆಯ ಸಾಲಿಗೇ, 10 ಸೆಂ.ಮೀ. ತುದಿ ಬಿಟ್ಟು. ನಡುವೆ ಗಂಟು ಬಂದರೆ ಸೂಜಿಗೆ ಸಿಕ್ಕಿ, ಸೂಜಿಗಳ ಮೇಲೆ ಆಚೀಚೆ ಓಡಿಸುವ ಕ್ಯಾರೇಜ್ ನಿಲ್ಲುತ್ತದೆ. ಹೇಗೋ ಹೆಣೆದರೂ ಅಂಗಾಲಿನಡಿ ಬಂದರೆ ಆ ಗಂಟು ಚುಚ್ಚುತ್ತದೆ. ಅಂಚುಗಳು ಪಾದದ ಮೇಲ್ಭಾಗಕ್ಕೆ ಬರುವುದರಿಂದ ಅಲ್ಲಿ ಗಂಟಿದ್ದರೂ ತೊಂದರೆಯಿಲ್ಲ. ಪ್ರತಿ 20 ಸಾಲಿಗೆ ಅಂಚಿನ ತೂಕದ ಕೊಂಡಿಗಳನ್ನು ಮೇಲಕ್ಕೆ ಸರಿಸಿ.

ಕುಣಿಕೆ ಪದೇ ಪದೇ ಜಾರಿದರೆ ದಾರವನ್ನಷ್ಟೇ ದೂರಬೇಡಿ. ಮಲೆನಾಡಿನ ತೇವಕ್ಕೆ ಸೂಜಿಯ ಕೊಕ್ಕೆಯನ್ನು ಮುಚ್ಚಿ ತೆರೆಯುವ ನಾಲಿಗೆ ತುಕ್ಕು ಹಿಡಿದು ಅರ್ಧದಲ್ಲೇ ನಿಲ್ಲುತ್ತದೆ. ಸೂಜಿಗಳನ್ನು ಒತ್ತಿ ಹಿಡಿಯುವ ಸ್ಪಾಂಜ್ ಬಾರ್ ಎಳೆದು ನೋಡಿ: ಸ್ಪಾಂಜು ಲೋಹದ ಅಂಚಿಗಿಂತ ಮೇಲೆದ್ದಿರಬೇಕು. ಚಪ್ಪಟೆಯಾಗಿದ್ದರೆ ಸೂಜಿ ಮೇಲೇಳುತ್ತದೆ, ಕ್ಯಾರೇಜ್ ಅದಕ್ಕೆ ಬಡಿದು ಬಾಗಿಸುತ್ತದೆ. ಮಳೆಗಾಲದಲ್ಲಿ ಸೂಜಿಗಳ ಬುಡಕ್ಕೆ ಹೊಲಿಗೆ ಮಷಿನ್ನಿನ ತೆಳು ಎಣ್ಣೆಯನ್ನು ಬಟ್ಟೆಯಲ್ಲಿ ಸವರಿ, ಮಷಿನ್ ಮುಚ್ಚಿಡಿ.

ಹೊಲಿಗೆಯಲ್ಲಿ ಕ್ರಮ ತಪ್ಪಬಾರದು. ಕೊನೆಯ ಸಾಲಿನಲ್ಲಿ ಒಂದು ಬಿಟ್ಟು ಒಂದು ಕುಣಿಕೆಯನ್ನು ಪಕ್ಕದ ಸೂಜಿಗೆ ಸಾಗಿಸಿ, ಉಳಿದ 30ಕ್ಕೆ ದಾರ ಪೋಣಿಸಿ ಬಿಗಿದು ಎಳೆಯಿರಿ. ವೇಸ್ಟ್ ಕಡೆಯ 60 ಕುಣಿಕೆಗಳನ್ನೂ ಹಾಗೇ ಪೋಣಿಸಿಕೊಂಡು, ಆಮೇಲೆ ನೈಲಾನ್ ದಾರ ಎಳೆದು ವೇಸ್ಟ್ ತೆಗೆಯಿರಿ. ಎರಡೂ ತುದಿಯಿಂದ 10 ಸೆಂ.ಮೀ.ವರೆಗೆ ಆಯಾ ಪದರದ ಅಂಚನ್ನು ಅದರದೇ ಎದುರಂಚಿಗೆ ಹೊಲಿದು, ಒಳಪದರವನ್ನು ಹೊರಪದರದೊಳಗೆ ತೂರಿಸಿ. ಎರಡರ ಒರಟು ಬದಿಯೂ ಒಂದಕ್ಕೊಂದು ಎದುರಾಗಿರಲಿ. ಅಂಚುಗಳು ಆ ಬದಿಗೇ ಸುರುಳುವುದರಿಂದ ಬಾಯಿಯ ಸುತ್ತ ಜೋಡಿಸುವುದು ಸುಲಭ. ಹಿಮ್ಮಡಿಯ ಹೊಲಿಗೆ ಕೊನೆಗೆ. ಮಡಿಕೆಯ ಅಂಚನ್ನು ಅರ್ಧಕ್ಕೆ ಮಡಚಿ ಮೇಲಿನಿಂದ ಹೊಲಿಯುತ್ತ ಬನ್ನಿ, ಕೆಳಗೆ 3 ಸೆಂ.ಮೀ. ಬಿಡಿ. ಬಿಟ್ಟ ಭಾಗದ ನಡುವನ್ನು ಮೇಲೆತ್ತಿ ಹೊಲಿಗೆಯ ಕೊನೆಗೆ ಸೇರಿಸಿ, ಆಚೀಚೆ ಅಡ್ಡಲಾಗಿ ಹೊಲಿಯಿರಿ. ಇದಿಲ್ಲದಿದ್ದರೆ ಹಿಮ್ಮಡಿ ಚೂಪಾಗಿ ಹಿಂದಕ್ಕೆ ಚಾಚುತ್ತದೆ.

ನಯವಾದ ನೆಲದ ಮೇಲೆ ಉಲ್ಲನ್ ಜಾರುತ್ತದೆ, ವಯಸ್ಸಾದವರಿಗೆ ಅಪಾಯ. ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಸೀಲೆಂಟನ್ನು ಸ್ಲಿಪ್ಪರಿನ ಅಡಿಭಾಗಕ್ಕೆ ಕಡಲೆಕಾಳಿನಷ್ಟು ಚುಕ್ಕೆಗಳಾಗಿ ಹಾಕಿ, ಸ್ವಲ್ಪ ಒತ್ತಿ ಒಂದು ದಿನ ಬಿಡಿ. ಅದು ಗಾಳಿಯ ತೇವ ಹೀರಿಯೇ ಗಟ್ಟಿಯಾಗುವುದರಿಂದ ಮಳೆಗಾಲದಲ್ಲೂ ಈ ಕೆಲಸ ನಿಲ್ಲುವುದಿಲ್ಲ. ಒಗೆದ ಮೇಲೆ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು ಗಾಳಿಗೆ ಹಾಕಿ. ಅಕ್ರಿಲಿಕ್ಕಿನದನ್ನು ಬಚ್ಚಲೊಲೆಯ ಹತ್ತಿರ ಒಣಗಿಸಬೇಡಿ, ಇಸ್ತ್ರಿಯನ್ನೂ ತಾಗಿಸಬೇಡಿ. ಬಿಸಿಗೆ ಅದರ ಪುಟಿತ ಹೋಗಿ ಬಟ್ಟೆ ಜೋಲುತ್ತದೆ, ಮತ್ತೆ ಸರಿಯಾಗುವುದಿಲ್ಲ.