ಉಬುಂಟುವಿನಲ್ಲಿ ಡಿ ಡ್ರೈವ್ ರೀಡ್-ಓನ್ಲಿ ಆದಾಗ ನಾನು ಮಾಡಿದ್ದು

ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಉಬುಂಟು (ಲಿನಕ್ಸ್‌ನ ಒಂದು ರೂಪ) ಎರಡೂ ಇವೆ. ನುಡಿ, ಪೇಜ್‌ಮೇಕರ್ ಕೆಲಸಕ್ಕೆ ವಿಂಡೋಸ್ ಬೇಕೇ ಬೇಕು. ಉಳಿದದ್ದೆಲ್ಲ ಉಬುಂಟುವಿನಲ್ಲಿ. ಎರಡರಲ್ಲೂ ಸಿಗಲಿ ಅಂತ ಫೈಲ್‌ಗಳನ್ನು ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್ ಇಡುವ ಪದ್ಧತಿ) ಆಗಿರುವ ಡಿ ಡ್ರೈವ್‌ನಲ್ಲಿ ಇಟ್ಟಿದ್ದೇನೆ. ಒಮ್ಮೆ ಲಿಬ್ರೆಆಫೀಸ್‌ನಲ್ಲಿ ಒಂದು ಫೈಲ್ ತೆರೆದರೆ ಮೇಲ್ಗಡೆ ಪಟ್ಟಿ ಬಂತು: ಇದು ರೀಡ್-ಓನ್ಲಿ, ಅಂದರೆ ಓದಬಹುದು, ತಿದ್ದುವಂತಿಲ್ಲ. ಹಿಂದಿನ ರಾತ್ರಿ ವಿಂಡೋಸ್‌ನಲ್ಲಿ ತಿದ್ದಿದ್ದ ಅದೇ ಫೈಲ್!

ಯಾರನ್ನು ಕೇಳಿದರೂ ಪರ್ಮಿಷನ್ ಬದಲಿಸಿ ಅನ್ನುತ್ತಾರೆ. ಅದಕ್ಕೆ ಮೊದಲು ನಾನು ಟರ್ಮಿನಲ್ ತೆರೆದು, ಅದೇ ಫೋಲ್ಡರ್‌ನಲ್ಲಿ ಸುಮ್ನೆ ಒಂದು ಖಾಲಿ ಫೈಲ್ ಮಾಡಲು ನೋಡಿದೆ. 'ರೀಡ್-ಓನ್ಲಿ ಫೈಲ್ ಸಿಸ್ಟಮ್' ಅಂದಿತು. 'ಪರ್ಮಿಷನ್ ಡಿನೈಡ್' ಅಂದಿದ್ದರೆ ಫೈಲ್‌ನ ಅನುಮತಿ ನೋಡಬೇಕಿತ್ತು. ಇಲ್ಲಿ ಇಡೀ ಡ್ರೈವೇ ಬರೆಯಲು ಬಿಡುತ್ತಿಲ್ಲ. ಸುಡೊ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವುದು) ಹಾಕಿದರೂ ಜಗ್ಗುವುದಿಲ್ಲ.

ಇದಕ್ಕೆ ಕಾರಣ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರಲ್ಲಿ ಬಂದದ್ದು. ನಾವು ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಮಲಗುವುದಿಲ್ಲ. ಕರ್ನಲ್‌ನ (ವಿಂಡೋಸ್‌ನ ತಿರುಳಿನ) ಸ್ಥಿತಿಯನ್ನು ಸಿ ಡ್ರೈವ್‌ನ ಹೈಬರ್ನೇಷನ್ ಫೈಲ್‌ನಲ್ಲಿ ಉಳಿಸಿ, ಡ್ರೈವ್‌ಗಳನ್ನು ಇನ್ನೂ ಬಳಸುತ್ತಿರುವ ಹಾಗೆ ಬಿಟ್ಟು ಹೋಗುತ್ತದೆ. ಅಂಥ ಡ್ರೈವ್‌ನಲ್ಲಿ ಇನ್ನೊಬ್ಬರು ಬರೆದರೆ ವಿಂಡೋಸ್ ಎದ್ದಾಗ ಲೆಕ್ಕ ತಪ್ಪುತ್ತದೆ, ಡೇಟಾ ಹಾಳಾಗಬಹುದು. ಹಾಗಾಗಿ ಲಿನಕ್ಸ್ ಬರೀ ಓದಲು ಮಾತ್ರ ಬಿಡುತ್ತದೆ. ಸರಿಯಾದ ನಡೆಯೇ ಅಲ್ವಾ?

ವಿಂಡೋಸ್‌ಗೆ ಹೋದೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಲ್ಲಿ ಎಡಗಡೆ 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ'. ಫಾಸ್ಟ್ ಸ್ಟಾರ್ಟಪ್‌ನ ಟಿಕ್ ಕೆಳಗೇ ಇರುತ್ತದೆ, ಆದರೆ ಮಸುಕಾಗಿ, ಒತ್ತಲು ಆಗದ ಹಾಗೆ. ಮೇಲಿರುವ 'ಚೇಂಜ್ ಸೆಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್' ಕ್ಲಿಕ್ ಮಾಡಿದ ಮೇಲೇ ಅದಕ್ಕೆ ಜೀವ ಬರುವುದು. ಟಿಕ್ ತೆಗೆದು, ಸೇವ್ ಮಾಡಿ, ಶಟ್‌ಡೌನ್ ಮಾಡಿದೆ. ಉಬುಂಟುವಿನಲ್ಲಿ ಫೈಲ್ ಮೊದಲಿನಂತೆ ಸೇವ್ ಆಯಿತು. ವಿಂಡೋಸ್ ಏಳುವುದು ಈಗ ಸ್ವಲ್ಪ ನಿಧಾನ, ಅಷ್ಟೇ.

ಟಿಕ್ ತೆಗೆಯಲು ಇಷ್ಟವಿಲ್ಲದಿದ್ದರೆ ಉಬುಂಟುವಿಗೆ ಬರುವಾಗ ಶಟ್‌ಡೌನ್ ಬಿಟ್ಟು ರೀಸ್ಟಾರ್ಟ್ ಒತ್ತಿ. ರೀಸ್ಟಾರ್ಟ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಕೆಲಸ ಮಾಡುವುದಿಲ್ಲ. ಲಿನಕ್ಸ್‌ನಿಂದಲೇ ಆ ಹೈಬರ್ನೇಷನ್ ಫೈಲ್ ಅಳಿಸಿ ಡ್ರೈವನ್ನು ಒತ್ತಾಯದಿಂದ ಮೌಂಟ್ ಮಾಡುವ (ಬಳಕೆಗೆ ಜೋಡಿಸುವ) ದಾರಿಯೂ ಇದೆ. ನಾನು ಅದನ್ನು ಮುಟ್ಟುವುದಿಲ್ಲ. ನಿಜವಾಗಿಯೇ ಹೈಬರ್ನೇಟ್ ಮಾಡಿದ್ದರೆ (ತೆರೆದ ಕೆಲಸವನ್ನೆಲ್ಲ ಆ ಫೈಲ್‌ನಲ್ಲಿ ಉಳಿಸಿ ಆಫ್ ಮಾಡಿದ್ದರೆ), ವಿಂಡೋಸ್‌ನಲ್ಲಿ ತೆರೆದಿಟ್ಟು ಸೇವ್ ಮಾಡದ ಕೆಲಸವೆಲ್ಲ ಅದರ ಜೊತೆ ಹೋಗುತ್ತದೆ.