ಒಂದು ಬೇರು ಹಿಡಿಯಿರಿ, ಹತ್ತು ಇಂಗ್ಲಿಷ್ ಪದ ಕಲಿಯಿರಿ

ವಿಜಯಪುರದ ಎಪಿಎಂಸಿ ಕಡೆ ಹೋದರೆ ಲಾರಿಗಳ ಮೇಲೆ ಟ್ರಾನ್ಸ್‌ಪೋರ್ಟ್ ಅಂತ ಬರೆದಿರುತ್ತದೆ. ಒಣದ್ರಾಕ್ಷಿ ವ್ಯಾಪಾರಿಗಳ ಬಾಯಲ್ಲಿ ಎಕ್ಸ್‌ಪೋರ್ಟ್. ರಕ್ತ ಕೊಟ್ಟು ಬಂದರೆ ಸಂಜೆಗೆ ರಿಪೋರ್ಟ್. ಎಲ್ಲ ದಿನಾ ಆಡುವ ಮಾತುಗಳೇ. ಆದರೆ ಎಸ್ಸೆಸ್ಸೆಲ್ಸಿ ಓದುವ ನನ್ನ ಮಗಳು ಇವನ್ನು ಒಂದೊಂದಾಗಿ ಬಾಯಿಪಾಠ ಮಾಡುತ್ತಿದ್ದಳು. ಬೆಳಿಗ್ಗೆ ಕಲಿತದ್ದು ರಾತ್ರಿಗೆ ಮರೆತಿರುತ್ತಿತ್ತು. ಆಮೇಲೆ ನಾವಿಬ್ಬರೂ ಕೂತು ಬೇರೆ ದಾರಿ ಹಿಡಿದೆವು. ನೀವೂ ಮಾಡಿ ನೋಡಿ.

ಮೊದಲು, ಪದಗಳನ್ನು ಒಂದರ ಕೆಳಗೊಂದು ಬರೆಯಿರಿ. ಎಲ್ಲದರಲ್ಲೂ ಇರುವ ತುಂಡಿಗೆ ಪೆನ್ಸಿಲ್‌ನಿಂದ ಸುತ್ತು ಹಾಕಿ. ಇಲ್ಲಿ ಅದು ‘ಪೋರ್ಟ್’. ಒಳ್ಳೆಯ ಇಂಗ್ಲಿಷ್ ನಿಘಂಟು ಪದದ ಮೂಲವನ್ನೂ ಕೊಟ್ಟಿರುತ್ತದೆ. ಇದು ಲ್ಯಾಟಿನ್ನಿನ ‘ಪೋರ್ತಾರೆ’ಯಿಂದ ಬಂದದ್ದು. ಅರ್ಥ: ಹೊರು, ಹೊತ್ತು ಒಯ್ಯು.

ಎರಡನೆಯದು, ಬೇರಿಗೆ ಕನ್ನಡದಲ್ಲೇ ಒಂದು ಜೋಡಿ ಹುಡುಕಿ. ಇದನ್ನು ಬಿಡಬೇಡಿ, ಪದ ನೆನಪಲ್ಲಿ ಉಳಿಯುವುದು ಇದರಿಂದಲೇ. ನಮ್ಮ ‘ಹೊರು’ ನೋಡಿ. ಅದರಿಂದಲೇ ಕಬ್ಬಿನ ಹೊರೆ, ಅದರಿಂದಲೇ ತಪ್ಪು ಹೊರಿಸುವುದು. ತಪ್ಪು ಹೊರಿಸಿದಾಗ ತಲೆ ಮೇಲೆ ಮೂಟೆ ಇರುವುದಿಲ್ಲ, ಆದರೂ ಭಾರ ಗೊತ್ತಾಗುತ್ತದೆ, ಅಲ್ವಾ? ‘ಪೋರ್ಟ್’ ಕೂಡ ಹೀಗೇ ನಿಜವಾದ ಹೊರೆಯಿಂದ ಮನಸ್ಸಿನ ಹೊರೆಗೆ ಹೋಗಿದೆ. ರೈಲ್ವೆ ಸ್ಟೇಷನ್ನಿನ ಪೋರ್ಟರ್ ಅಂದರೆ ಹೊರುವವನು. ನಾವು ಹಮಾಲ ಅನ್ನುತ್ತೇವೆ. ಅದು ಅರಬ್ಬಿಯಿಂದ ಬಂದ ಮಾತು, ಅದರ ಬೇರಿನ ಅರ್ಥವೂ ಹೊರುವುದೇ!

ಈಗ ಮುಂದಿನ ತುಂಡುಗಳನ್ನು ಜೋಡಿಸಿ. ‘ಇಮ್’ ಅಂದರೆ ಒಳಗೆ, ‘ಎಕ್ಸ್’ ಅಂದರೆ ಹೊರಗೆ. ಇಂಪೋರ್ಟ್, ಎಕ್ಸ್‌ಪೋರ್ಟ್ ಮುಗಿಯಿತು. ‘ಟ್ರಾನ್ಸ್’ ಅಂದರೆ ಆಚೆಗೆ. ‘ರಿ’ ಅಂದರೆ ಹಿಂದಕ್ಕೆ: ಹೋಗಿ ನೋಡಿ, ಸುದ್ದಿಯನ್ನು ಹೊತ್ತು ವಾಪಸ್ ತಂದರೆ ರಿಪೋರ್ಟ್. ನನಗೆ ಜಾಸ್ತಿ ಇಷ್ಟವಾದದ್ದು ಸಪೋರ್ಟ್. ಅದರ ಮುಂದಿರುವುದು ‘ಸಬ್’, ಅಂದರೆ ಕೆಳಗಿನಿಂದ. ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ಚಪ್ಪರದ ಕೆಳಗೆ ನಿಂತು ನೋಡಿ. ಗೊನೆ ತುಂಬಿದಾಗ ತಂತಿ ಜೋಲುತ್ತದೆ, ಕಂಬ ಅದನ್ನು ಕೆಳಗಿನಿಂದ ಹೊತ್ತಿರುತ್ತದೆ. ಅದೇ ಸಪೋರ್ಟ್. ಕನ್ನಡದ ‘ಬೆಂಬಲ’ದಲ್ಲಿ ಇರುವುದು ಬೆನ್ನು. ಅವರು ಕೆಳಗೆ ಕಂಬ ನಿಲ್ಲಿಸಿದರು, ನಾವು ಬೆನ್ನ ಹಿಂದೆ ನಿಂತೆವು.

ಇನ್ನು ಸ್ವಲ್ಪ ಹುಷಾರಾಗಿರಬೇಕಾದ ಹಂತ. ಒಂದೇ ಥರ ಕಂಡದ್ದೆಲ್ಲ ಒಂದೇ ಮನೆಯದಲ್ಲ. ‘ಹೊರಗೆ’ ಅನ್ನುವುದು ‘ಹೊರು’ವಿನಿಂದ ಬಂದದ್ದಲ್ಲ, ಹಾಗೆಯೇ ಇದೂ. ಲ್ಯಾಟಿನ್ನಿನಲ್ಲಿ ‘ಪೋರ್ಟುಸ್’ ಎಂಬ ಇನ್ನೊಂದು ಪದವಿದೆ, ಅರ್ಥ ಬಂದರು. ಬಹಳ ಹಿಂದಕ್ಕೆ ಹೋದರೆ ಎರಡಕ್ಕೂ ನಂಟಿದೆ, ಆದರೆ ಕಲಿಯುವಾಗ ಬೇರೆ ಬೇರೆ ಇಟ್ಟುಕೊಳ್ಳುವುದೇ ಒಳ್ಳೆಯದು. ಏರ್‌ಪೋರ್ಟ್, ಪಾಸ್‌ಪೋರ್ಟ್ ಎರಡೂ ಬಂದರಿನ ಕಡೆಯವು. ಬೆಳಗಾವಿಯಿಂದ ಘಟ್ಟ ಇಳಿದರೆ ಗೋವಾ. 1510ರಿಂದ 1961ರವರೆಗೆ ಅಲ್ಲಿ ಆಳಿದ ಪೋರ್ಚುಗೀಸರ ದೇಶದ ಹೆಸರಲ್ಲೂ ಇರುವುದು ಬಂದರೇ. ‘ಪೋರ್ಟುಸ್ ಕಾಲೆ’ ಎಂಬ ಊರಿನ ಹೆಸರಿನಿಂದ ಪೋರ್ಚುಗಲ್ ಆಯಿತು. ಅದಕ್ಕೇ ಅನುಮಾನ ಬಂದಾಗ ಸುಮ್ನೆ ಊಹೆ ಮಾಡಬೇಡಿ, ನಿಘಂಟು ತೆಗೆಯಿರಿ.

ಕೊನೆಗೆ ಒಂದು ಬೇರಿಗೆ ನೋಟ್‌ಬುಕ್ಕಿನ ಒಂದು ಪುಟ ಕೊಡಿ. ಅರ್ಧ ಖಾಲಿ ಬಿಡಿ, ಪೇಪರ್ ಓದುವಾಗ ಸಿಕ್ಕ ಹೊಸ ಪದ ಅಲ್ಲಿ ಸೇರಲಿ. ಮೊನ್ನೆ ಮಗಳು ಆ ಖಾಲಿ ಜಾಗದಲ್ಲಿ ಸ್ಪೋರ್ಟ್ ಅಂತ ಬರೆದಿದ್ದಳು. ನಾನು ತಪ್ಪೆಂದೆ. ನಿಘಂಟು ಅವಳದೇ ಸರಿ ಅಂದಿತು. ಹಳೆಯ ಫ್ರೆಂಚ್ ಮೂಲದ ‘ಡಿಸ್ಪೋರ್ಟ್’ ಸವೆದು ಸ್ಪೋರ್ಟ್ ಆಗಿದೆ. ಮನಸ್ಸನ್ನು ಕೆಲಸದಿಂದ ಹೊತ್ತು ಆಚೆ ಒಯ್ಯುವುದು. ಓದಿ ಹೇಳಿದ ಕೂಡಲೇ ನೋಟ್‌ಬುಕ್ ಮಡಚಿಟ್ಟು ಕೊಕ್ಕೊ ಆಡಲು ಓಡಿದಳು.