ಬೇಸಿಗೆಯಲ್ಲಿ ಪುಟ್ಟ ಮಕ್ಕಳನ್ನು ನಾನು ನೋಡಿಕೊಳ್ಳುವ ರೀತಿ

ಐದು ವರ್ಷದೊಳಗಿನ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಡೇ ಕೇರ್ ಒಂದನ್ನು ನಡೆಸುತ್ತೇನೆ. ಬಿಸಿಲು ಏರುತ್ತಿದ್ದ ಹಾಗೆ ಅಪ್ಪ ಅಮ್ಮಂದಿರು ಕೇಳಲು ಶುರು ಮಾಡುತ್ತಾರೆ: "ಮಗುವಿಗೆ ಏನು ಕೊಡ್ಬೇಕು?" ಏನು ಕೊಡಬೇಕು ಅನ್ನುವುದಕ್ಕೂ ಮೊದಲು ಏನು ನೋಡಬೇಕು ಅನ್ನುವುದನ್ನು ಕಲಿಯಿರಿ ಅಂತ ಎಲ್ಲರಿಗೂ ಹೇಳುತ್ತೇನೆ. ಮೂರು ವರ್ಷದ ಮಗು ಆಟಕ್ಕೆ ಬಿತ್ತು ಅಂದರೆ ಅದಕ್ಕೆ ಬಾಯಾರಿಕೆಯ ಪರಿವೆಯೇ ಇರುವುದಿಲ್ಲ. ಒಂದು ವರ್ಷದ ಮಗುವಿಗೆ ಬಾಯಾರಿದರೂ ಹೇಳಲು ಮಾತು ಬಾರದು. ಸೆಕೆ ಆಗ್ತಿದೆ, ತಲೆ ಸುತ್ತುತ್ತಿದೆ ಅಂತ ಮಕ್ಕಳು ಬಂದು ಹೇಳಲಿ ಎಂದು ಕಾಯುತ್ತಾ ಕೂತರೆ ಹೊತ್ತು ಮೀರಿರುತ್ತದೆ.

ದೊಡ್ಡವರಿಗಿಂತ ಮಕ್ಕಳ ಮೈ ಬೇಗ ಕಾಯುತ್ತದೆ. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ಜಾಸ್ತಿ, ಹಾಗಾಗಿ ಹೊರಗಿನ ಶಾಖ ಒಳಗೆ ಬರುವುದು ಸುಲಭ. ಬೆವರುವುದೂ ನಮಗಿಂತ ಕಡಿಮೆ. ನನಗೆ ಹಿತವಾಗಿದೆ ಅಂದ ಮಾತ್ರಕ್ಕೆ ಮಗುವಿಗೂ ಹಿತವಾಗಿದೆ ಅಂತ ತಿಳಿಯಬಾರದು.

ನಾನು ಮೊದಲು ನೋಡುವುದು ಉಚ್ಚೆಯನ್ನು. ನಗು ಬರಬಹುದು, ಆದರೆ ಇದಕ್ಕಿಂತ ನಂಬಿಕಸ್ಥ ಅಳತೆ ಮನೆಯಲ್ಲಿ ಇನ್ನೊಂದಿಲ್ಲ. ಬಚ್ಚಲ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇನೆ. ಪ್ರತಿ ಮಗುವಿನ ಹೆಸರಿನ ಮುಂದೆ ಯಾವಾಗ ಹೋಯಿತು, ಬಣ್ಣ ಹೇಗಿತ್ತು ಅಂತ ಗುರುತು ಹಾಕುತ್ತೇವೆ. ತಿಳಿ ಹಳದಿ ಇದ್ದರೆ ಸರಿ. ಗಾಢ ಹಳದಿಯಾಗಿ, ವಾಸನೆ ಬಲವಾಗಿದ್ದರೆ ನೀರು ಸಾಕಾಗಿಲ್ಲ ಅಂತಲೇ ಅರ್ಥ. ಹಸುಗೂಸುಗಳ ಡೈಪರ್ ಕೈಯಲ್ಲಿ ಹಿಡಿದಾಗ ತೂಕವೇ ಕಥೆ ಹೇಳುತ್ತದೆ. ಹಾಲು ಚೆನ್ನಾಗಿ ಕುಡಿಯುವ ಕೂಸು ದಿನಕ್ಕೆ ಆರಕ್ಕೆ ಕಡಿಮೆ ಇಲ್ಲದಷ್ಟು ಡೈಪರ್ ಒದ್ದೆ ಮಾಡುತ್ತದೆ. ಆರು ಗಂಟೆ ಕಳೆದರೂ ಡೈಪರ್ ಒಣಗಿಯೇ ಇದ್ದರೆ ನಾನು ಸುಮ್ನೆ ಕೂರುವುದಿಲ್ಲ, ಮನೆಯವರಿಗೆ ಫೋನ್ ಮಾಡಿ ಡಾಕ್ಟರ ಹತ್ತಿರ ಹೋಗೋಣ ಅನ್ನುತ್ತೇನೆ. ಅಳುವಾಗ ಕಣ್ಣೀರು ಬಾರದಿರುವುದು, ಬಾಯಿ ನಾಲಿಗೆ ಒಣಗಿರುವುದು, ಕಣ್ಣು ಗುಳಿ ಬಿದ್ದಿರುವುದು, ಕೂಸಿನ ನೆತ್ತಿಯ ಮೆತ್ತನೆ ಜಾಗ ಒಳಗೆ ಇಳಿದಂತೆ ಕಾಣುವುದು, ಇವೆಲ್ಲ ಅದೇ ಮಾತನ್ನು ಇನ್ನೂ ಜೋರಾಗಿ ಹೇಳುವ ಗುರುತುಗಳು.

ನೀರು ಕುಡಿಸುವುದಕ್ಕೆ ನನ್ನ ದಾರಿ ಬಹಳ ಸರಳ. "ನೀರು ಬೇಕಾ?" ಅಂತ ಕೇಳುವುದೇ ಇಲ್ಲ. ಕೇಳಿದರೆ ಬೇಡ ಅನ್ನುವುದು ಆ ವಯಸ್ಸಿನ ಸ್ವಭಾವ. ಆಟದ ಮಧ್ಯೆ ಗಂಟೆ ಬಾರಿಸುತ್ತೇನೆ, ಎಲ್ಲರೂ ಬಂದು ತಮ್ಮ ತಮ್ಮ ಲೋಟ ಹಿಡಿದು ಕೂರಬೇಕು. ನಾನೂ ಅವರ ಜೊತೆ ಕೂತು ಕುಡಿಯುತ್ತೇನೆ. ಹೊರಗೆ ಆಡುವಾಗ ಕಾಲು ಗಂಟೆಗೊಮ್ಮೆ, ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಸಾಕು. ಒಟ್ಟಿಗೆ ಒಂದು ಲೋಟ ತುಂಬಾ ಕುಡಿಸಲು ಹೋದರೆ ಅರ್ಧ ಹೊಟ್ಟೆಗೆ, ಅರ್ಧ ಅಂಗಿಗೆ. ಬಣ್ಣದ ಸಿಹಿ ಪಾನೀಯ ನಮ್ಮಲ್ಲಿ ಇಲ್ಲ. ಬಾಯಾರಿಕೆಗೆ ನೀರೇ ಮದ್ದು.

ಆರು ತಿಂಗಳೊಳಗಿನ ಕೂಸಿನ ಮಾತೇ ಬೇರೆ. ಎಷ್ಟೇ ಸೆಕೆ ಇರಲಿ, ಅದಕ್ಕೆ ನೀರು ಕೊಡುವುದಿಲ್ಲ. ಎದೆಹಾಲಿನಲ್ಲಿ ಬಹುಪಾಲು ನೀರೇ ಇರುತ್ತದೆ. ನೀರು ಕುಡಿಸಿದರೆ ಪುಟ್ಟ ಹೊಟ್ಟೆ ತುಂಬಿ ಹಾಲು ಕಡಿಮೆಯಾಗುತ್ತದೆ, ಜಾಸ್ತಿಯಾದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಫಿಟ್ಸ್ ಬರುವಷ್ಟು ಅಪಾಯವೂ ಇದೆ. ಹಾಲನ್ನೇ ಪದೇ ಪದೇ ಕೊಡಬೇಕು. "ಒಂದೇ ಒಂದು ಚಮಚ ಕೊಟ್ರೆ ಏನಾಗುತ್ತೆ ಬಿಡು" ಅನ್ನುವ ಅಜ್ಜಿಯರ ಜೊತೆ ನಾನು ತಾಳ್ಮೆಯಿಂದ ಕೂತು ಮಾತಾಡುತ್ತೇನೆ. ಅವರ ಕಾಳಜಿ ನಿಜವಾದದ್ದೇ. ಆದರೆ ಈ ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಪುಡಿ ಹಾಲು ಕುಡಿಯುವ ಕೂಸಿಗೂ ಡಬ್ಬಿಯ ಮೇಲೆ ಬರೆದ ಅಳತೆಯೇ ಅಳತೆ. ಸೆಕೆ ಅಂತ ತೆಳ್ಳಗೆ ಕಲಸಬಾರದು.

ದಿನದ ಹೊತ್ತನ್ನೂ ಬದಲಿಸಿಕೊಳ್ಳುತ್ತೇವೆ. ಬೆಳಗ್ಗೆ ಬೇಗ ಹೊರಗೆ, ಆಮೇಲೆ ಸಂಜೆ ಹೊರಗೆ. ಹತ್ತರಿಂದ ನಾಲ್ಕರವರೆಗೆ ಬಿಸಿಲಿಗೆ ಕಾಲಿಡುವುದಿಲ್ಲ. ಬಟ್ಟೆ ಸಡಿಲ, ತೆಳು ಹತ್ತಿಯದು, ತಲೆಗೆ ಅಗಲ ಅಂಚಿನ ಟೋಪಿ. ಆರು ತಿಂಗಳು ದಾಟಿದ ಮಕ್ಕಳಿಗೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಅನ್ನು ಹೊರಡುವ ಮುಂಚೆಯೇ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುತ್ತೇವೆ. ಅದಕ್ಕಿಂತ ಚಿಕ್ಕವರಿಗೆ ನೆರಳೇ ರಕ್ಷಣೆ. ಸ್ಟ್ರಾಲರ್ ಮೇಲೆ ಬಟ್ಟೆ ಹೊದಿಸಿ ಬಿಸಿಲು ತಡೆಯುವ ಅಭ್ಯಾಸ ಅನೇಕರಿಗಿದೆ. ದಯವಿಟ್ಟು ಬೇಡ. ಒಳಗೆ ಗಾಳಿ ಆಡದೆ ಅದು ಒಲೆಯಂತೆ ಕಾಯುತ್ತದೆ, ಮೇಲಾಗಿ ಮಗುವಿನ ಮುಖವೇ ಕಾಣುವುದಿಲ್ಲ. ಮಗುವಿಗೆ ಸೆಕೆ ಆಗ್ತಿದೆಯಾ ಅಂತ ತಿಳಿಯಲು ಕೈಕಾಲು ಮುಟ್ಟಿ ನೋಡಬೇಡಿ, ಅವು ತಣ್ಣಗೇ ಇರಬಹುದು. ಕತ್ತಿನ ಹಿಂಬದಿ ಅಥವಾ ಎದೆ ಮುಟ್ಟಿ. ಅಲ್ಲಿ ಬಿಸಿಯಾಗಿ ಜಿಗುಟಾಗಿದ್ದರೆ ಒಂದು ಪದರ ಬಟ್ಟೆ ತೆಗೆಯಿರಿ.

ಬೆವರುಸಾಲೆ ಬಂದ ಮಗುವಿಗೆ ನಾನು ಪೌಡರ್ ಸುರಿಯುವುದಿಲ್ಲ. ಅದರ ಧೂಳು ಉಸಿರಿನ ಜೊತೆ ಒಳಗೆ ಹೋಗುತ್ತದೆ. ದಪ್ಪ ಕ್ರೀಮು, ಎಣ್ಣೆ ಕೂಡ ಬೇಡ, ಮುಚ್ಚಿಕೊಂಡ ಬೆವರಿನ ರಂಧ್ರಗಳನ್ನು ಇನ್ನಷ್ಟು ಮುಚ್ಚುತ್ತವೆ. ಉಗುರುಬೆಚ್ಚಗಿನ ನೀರಲ್ಲಿ ಸ್ನಾನ, ಮಡಿಕೆಗಳಲ್ಲಿ ಒರೆಸಿ ಒಣಗಿಸುವುದು, ಗಾಳಿಗೆ ಬಿಡುವುದು. ಬಹುತೇಕ ಇಷ್ಟಕ್ಕೇ ಇಳಿಯುತ್ತದೆ.

ಇನ್ನು ಒಂದು ಮಗುವಿನ ವಿಷಯ. ನಾಲ್ಕು ವರ್ಷದ ಹುಡುಗಿ, ನಿಂತಲ್ಲಿ ನಿಲ್ಲದವಳು. ಒಂದು ಬೆಳಗ್ಗೆ ಎಲ್ಲರೂ ಓಡುತ್ತಿರುವಾಗ ಅವಳು ಗೋಡೆಗೆ ಒರಗಿ ಕೂತಿದ್ದಳು. ಅಳುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. "ಏನಾಯ್ತು ಪುಟ್ಟಿ?" ಅಂದರೆ "ಏನಿಲ್ಲ ಅಕ್ಕ" ಅಂದಳು. ಕೆನ್ನೆ ಕೆಂಪಾಗಿತ್ತು, ಹಣೆ ಬೆವರಿನಿಂದ ಒದ್ದೆ. ಹಾಳೆ ನೋಡಿದರೆ ಬಂದಾಗಿನಿಂದ ಬಚ್ಚಲಿಗೆ ಹೋಗಿರಲಿಲ್ಲ. ತಕ್ಷಣ ಒಳಗೆ ಕರೆದುಕೊಂಡು ಹೋದೆ. ಶೂ, ಸಾಕ್ಸ್ ತೆಗೆದು, ಬಟ್ಟೆ ಸಡಿಲಿಸಿ, ಕತ್ತು ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಫ್ಯಾನ್ ಹಾಕಿದೆ. ಚಮಚದಲ್ಲಿ ನೀರು ಕೊಡುತ್ತಾ ಬಂದೆ. ಅರ್ಧ ಗಂಟೆಯೊಳಗೆ ಎದ್ದು ಕೂತು, ತನ್ನ ಬಕೆಟ್ಟನ್ನು ಯಾರೋ ತಗೊಂಡಿದ್ದಾರೆ ಅಂತ ದೂರು ಹೇಳಿದಳು. ಆ ದಿನ ಅವಳನ್ನು ಮತ್ತೆ ಬಿಸಿಲಿಗೆ ಬಿಡಲಿಲ್ಲ. ಚುರುಕಾದ ಮಗು ಮೆತ್ತಗಾದರೆ, ಶಾಂತ ಮಗು ಕಿರಿಕಿರಿ ಮಾಡಿದರೆ, ನಾನು ಮೊದಲು ಯೋಚಿಸುವುದು ಬಿಸಿಲನ್ನೇ.

ಇದು ಬಳಲಿಕೆಯ ಹಂತ. ಮುಂದಿನದು ಹೀಟ್ ಸ್ಟ್ರೋಕ್. ಮೈ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟುವುದು, ಮಗು ಗೊಂದಲದಲ್ಲಿ ಏನೇನೋ ಮಾತಾಡುವುದು, ಎಬ್ಬಿಸಿದರೂ ಏಳದಿರುವುದು, ಫಿಟ್ಸ್ ಬರುವುದು. ಮೈ ಒಣಗಿದ್ದರೂ ಆಗಬಹುದು, ಬೆವರುತ್ತಿದ್ದರೂ ಆಗಬಹುದು. ಇಲ್ಲಿ ಒಂದೊಂದು ನಿಮಿಷವೂ ಮುಖ್ಯ. ಒಬ್ಬರು ಆಂಬ್ಯುಲೆನ್ಸ್ ಕರೆಯಬೇಕು, ಇನ್ನೊಬ್ಬರು ಆಗಲೇ ಮೈಮೇಲೆ ತಣ್ಣೀರು ಹಾಕಿ ಗಾಳಿ ಬೀಸಬೇಕು. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ಏನೂ ಹಾಕಬಾರದು. ಜ್ವರದ ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಇದು ಜ್ವರವಲ್ಲ. ನಮ್ಮಲ್ಲಿ ಕೆಲಸ ಮಾಡುವ ಎಲ್ಲರಿಗೂ ಇದನ್ನು ಬೇಸಿಗೆ ಶುರುವಾಗುವ ಮೊದಲೇ ಬಾಯಿಪಾಠ ಮಾಡಿಸುತ್ತೇನೆ.

ಬಿಸಿಲಿನ ಜೊತೆಗೇ ಬರುವುದು ವಾಂತಿ ಭೇದಿ. ಅಡುಗೆ ಮಾಡಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡುವುದಿಲ್ಲ, 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಅಷ್ಟಾದರೂ ಯಾರಿಗಾದರೂ ಶುರುವಾದರೆ ಓಆರ್‌ಎಸ್ ಸಿದ್ಧ ಇರುತ್ತದೆ. ಪೊಟ್ಟಣದ ಮೇಲೆ ಎಷ್ಟು ನೀರಿಗೆ ಅಂತ ಬರೆದಿರುತ್ತದೋ ಅಷ್ಟಕ್ಕೇ, ಇಡೀ ಪೊಟ್ಟಣವನ್ನು ಒಮ್ಮೆಲೇ ಕಲಸುತ್ತೇನೆ. ಸ್ವಲ್ಪ ಪುಡಿ, ಸ್ವಲ್ಪ ನೀರು ಅಂತ ಅಂದಾಜಿಗೆ ಕಲಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಕೆಡುಕಾಗಬಹುದು. ಕಲಸಿದ್ದು 24 ಗಂಟೆ ಮಾತ್ರ, ಉಳಿದದ್ದು ಚೆಲ್ಲಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಎರಡು ವರ್ಷದೊಳಗಿನವರಿಗೆ ಪ್ರತಿ ಸಲ ಭೇದಿಯಾದಾಗ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಮಿಲಿ. ವಾಂತಿ ಆಯಿತು ಅಂತ ನಿಲ್ಲಿಸಬಾರದು. ಹತ್ತು ನಿಮಿಷ ಬಿಟ್ಟು, ಚಮಚದಲ್ಲಿ ನಿಧಾನವಾಗಿ ಮತ್ತೆ ಶುರು ಮಾಡಬೇಕು. ರಕ್ತ ಕಂಡರೆ, ಮಗು ಏನೂ ಕುಡಿಯದಿದ್ದರೆ, ಮಂಕಾದರೆ ಆಸ್ಪತ್ರೆಗೇ.

ಜಾರುಬಂಡೆ, ಜೋಕಾಲಿಯ ಕಬ್ಬಿಣ, ಕಾರಿನ ಸೀಟಿನ ಬಕಲ್, ಇವನ್ನು ಮಗು ಮುಟ್ಟುವ ಮೊದಲು ನನ್ನ ಹಿಂಗೈ ಮುಟ್ಟಿರಬೇಕು. ಮಕ್ಕಳ ಚರ್ಮ ತೆಳು, ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ.

ನೀರಾಟ ಅಂದರೆ ಮಕ್ಕಳಿಗೆ ಪ್ರಾಣ, ನನಗೂ ಅವರ ಕೇಕೆ ಕೇಳಲು ಖುಷಿ. ಆದರೆ ಆ ಹೊತ್ತಿನಲ್ಲಿ ನನ್ನ ಫೋನ್ ಒಳಗಿನ ಕೋಣೆಯಲ್ಲಿರುತ್ತದೆ. ಮುಳುಗುವ ಮಗು ಕೂಗುವುದಿಲ್ಲ, ಕೈ ಬಡಿಯುವುದೂ ಅಪರೂಪ. ಮೂಗು ಬಾಯಿ ಮುಚ್ಚುವಷ್ಟು, ಅಂದರೆ ಐದು ಸೆಂಟಿಮೀಟರ್ ನೀರೇ ಸಾಕು. ಅಂಬೆಗಾಲಿಡುವ ಮಗು ಬಕೆಟ್ಟಿಗೆ ಬಗ್ಗಿದರೆ ತಲೆಯ ಭಾರಕ್ಕೆ ಮುಗ್ಗರಿಸುತ್ತದೆ, ಮೇಲೇಳಲು ಆಗುವುದಿಲ್ಲ. ಅದಕ್ಕೇ ಆಟ ಮುಗಿದ ತಕ್ಷಣ ಟಬ್, ಬಕೆಟ್ ಎಲ್ಲ ಬೋರಲು ಹಾಕುತ್ತೇವೆ. ಇದರಿಂದ ಸೊಳ್ಳೆ ಮೊಟ್ಟೆ ಇಡುವ ಜಾಗವೂ ಇಲ್ಲವಾಗುತ್ತದೆ. ಡೆಂಗಿ ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ಮಲಗಿದ ಕೂಸಿಗೆ ಹಗಲೂ ಪರದೆ ಕಟ್ಟಿ.

ಕಾರಿನ ಬಗ್ಗೆ ಹೇಳದೆ ಮುಗಿಸಲಾರೆ. ನಿಲ್ಲಿಸಿದ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಕಿಟಕಿ ಒಂದಿಷ್ಟು ಇಳಿಸಿದರೂ ಹೆಚ್ಚಿನ ವ್ಯತ್ಯಾಸವಿಲ್ಲ. "ಎರಡೇ ನಿಮಿಷ, ಮಲಗಿದೆ, ಎಬ್ಬಿಸೋದು ಯಾಕೆ" ಅನ್ನುವ ಮಾತು ನನಗೆ ಭಯ ಹುಟ್ಟಿಸುತ್ತದೆ. ಹಿಂದಿನ ಸೀಟಿನಲ್ಲಿ ಮಗು ಇದ್ದಾಗ ಬ್ಯಾಗು, ಫೋನು ಎಲ್ಲ ಹಿಂದೆಯೇ ಇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಆಗ ಇಳಿಯುವಾಗ ಹಿಂದಿನ ಬಾಗಿಲು ತೆಗೆಯಲೇಬೇಕು. ಕಾರು ಮನೆ ಮುಂದೆ ನಿಂತಿದ್ದಾಗಲೂ ಲಾಕ್ ಇರಲಿ. ಆಡುತ್ತಾ ಒಳಗೆ ಹತ್ತಿದ ಮಗುವಿಗೆ ಬಾಗಿಲು ತೆಗೆದು ಹೊರಬರಲು ಗೊತ್ತಾಗದೆ ಇರಬಹುದು. ಮತ್ತೆ, ದಿನವೂ ಬರುವ ಮಗು ಬರುವ ಹೊತ್ತಿಗೆ ಬರದಿದ್ದರೆ, ರಜೆ ಅಂತ ಮೊದಲೇ ಹೇಳಿರದಿದ್ದರೆ, ನಾನು ಅಮ್ಮನಿಗೆ ಫೋನ್ ಮಾಡುತ್ತೇನೆ. ಅವರು ಎತ್ತದಿದ್ದರೆ ಅಪ್ಪನಿಗೆ, ಅವರೂ ಎತ್ತದಿದ್ದರೆ ಮನೆಯ ಇನ್ನೊಬ್ಬರಿಗೆ. ಮಗು ಎಲ್ಲಿದೆ ಅಂತ ಯಾರಾದರೂ ಒಬ್ಬರು ಹೇಳುವವರೆಗೂ ನಾನು ಬೇರೆ ಕೆಲಸ ಹಿಡಿಯುವುದಿಲ್ಲ.